ಹುಳುಮನೆಗೆ ಏಸಿ ಯಾಕೆ?



ಕಳೆದ ಮಾರ್ಚ್‌ನಲ್ಲಿ ಕನಕಪುರ ತಾಲ್ಲೂಕಿನ ಒಂದು ಶಾಲೆಗೆ ಹೋಗಿದ್ದೆ. ಗಾಳಿಯ ಒತ್ತಡದ ಪ್ರಯೋಗಗಳನ್ನು ತೋರಿಸಿ ಮುಗಿಸಿದ ಮೇಲೆ ಏನಾದರೂ ಪ್ರಶ್ನೆ ಕೇಳಿ ಎಂದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ನಮ್ಮೂರ ಚಾಕಿ ಸೆಂಟರಿಗೆ ಏಸಿ ಹಾಕಿಸ್ತಾವ್ರೆ. ನಮ್ಮ ಕ್ಲಾಸಲ್ಲಿ ಫ್ಯಾನೇ ತಿರುಗಲ್ಲ. ಹುಳಕ್ಕೆ ಯಾಕೆ ಮಿಸ್ ಏಸಿ?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಆ ದಿನ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಉಳಿದ ಅರ್ಧ ನನಗೇ ತಿಳಿದದ್ದು ಹದಿನೈದು ದಿನ ಬಿಟ್ಟು, ಆ ಚಾಕಿ ಸೆಂಟರಿಗೆ ಹೋದಾಗ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮಕ್ಕಳಿಗೆ ರೇಷ್ಮೆಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದಲ್ಲಿದೆ. ನಿಮ್ಮಲ್ಲಿ ಎಷ್ಟೋ ಮಂದಿ ಶಾಲೆಗೆ ಹೊರಡುವ ಮುಂಚೆ ಹುಳುವಿಗೆ ಸೊಪ್ಪು ಹಾಕಿ ಬರುವವರೇ. ಆದರೆ ನೀವು ದಿನವೂ ನೋಡುವ ಒಂದು ಸಂಗತಿಯನ್ನು ಸ್ವಲ್ಪ ಗಮನಿಸಿ. ಬೇಸಿಗೆ ಬಂದ ಕೂಡಲೇ ಮನೆಯವರು ಹುಳುಮನೆಯ ಕಿಟಕಿಗೆ ಗೋಣಿಚೀಲ ನೇತುಹಾಕಿ ನೀರು ಚಿಮುಕಿಸುತ್ತಾರೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ. ಮನೆಯ ಮನುಷ್ಯರಿಗೆ ಮಾಡದ ಉಪಚಾರವನ್ನು ಹುಳುವಿಗೆ ಏಕೆ ಮಾಡುತ್ತಾರೆ?

ನಮ್ಮ ದೇಹದ ಉಷ್ಣಾಂಶ ಹೊರಗೆ ಚಳಿ ಇರಲಿ, ಸೆಕೆ ಇರಲಿ, ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಸೆಕೆಯಾದರೆ ಬೆವರುತ್ತೇವೆ, ಚಳಿಯಾದರೆ ನಡುಗುತ್ತೇವೆ. ರೇಷ್ಮೆಹುಳು ಶೀತರಕ್ತ ಜೀವಿ. ಕೋಣೆಯ ಉಷ್ಣಾಂಶ ಏರಿದರೆ ಅದರ ಮೈಯ ಉಷ್ಣಾಂಶವೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದಕ್ಕೆ ಬೆವರಲು ಬಾರದು. ಸಾವಿರಾರು ವರ್ಷ ಮನುಷ್ಯನ ಆರೈಕೆಯಲ್ಲೇ ಬೆಳೆದು ಬಂದಿರುವುದರಿಂದ, ತಟ್ಟೆ ಬಿಟ್ಟು ನೆರಳು ಹುಡುಕಿಕೊಂಡು ಹೋಗುವ ಅಭ್ಯಾಸವೂ ಇಲ್ಲ. ಅದು ನೀರನ್ನೂ ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರೆಲ್ಲ ಸೊಪ್ಪಿನಿಂದಲೇ ಬರಬೇಕು.

ಮೊಟ್ಟೆಯಿಂದ ಹೊರಬಂದ ಹುಳು ಇರುವೆಗಿಂತ ಚಿಕ್ಕದು. ಸುಮಾರು 25 ದಿನಗಳಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ನಡುವೆ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ಕೂರುತ್ತದೆ. ನಮ್ಮ ರೈತರು ಇದನ್ನು "ಜ್ವರಕ್ಕೆ ಕೂತಿದೆ" ಎನ್ನುತ್ತಾರೆ. ಇದು ಕಾಯಿಲೆಯಲ್ಲ, ಹಳೆಯ ಚರ್ಮ ಕಳಚುವ ಹೊತ್ತು. ಎರಡನೇ ಜ್ವರ ಏಳುವ ತನಕದ ಮರಿಹುಳುವೇ ಚಾಕಿ. ಚಾಕಿಗೆ 27–28 ಡಿಗ್ರಿ ಉಷ್ಣಾಂಶ ಬೇಕು. ಗಾಳಿಯಲ್ಲಿ ಆರ್ದ್ರತೆ, ಅಂದರೆ ತೇವ, ನೂರಕ್ಕೆ 85ರಷ್ಟಿರಬೇಕು. ದೊಡ್ಡ ಹುಳುವಿಗೆ, ಅಂದರೆ ಐದನೇ ಹಂತದಲ್ಲಿ, 24 ಡಿಗ್ರಿ ಮತ್ತು ಸುಮಾರು 70 ಸಾಕು. ಒಂದೇ ಹುಳು, ತಿಂಗಳೊಳಗೆ ಎರಡು ಬೇರೆ ಬೇರೆ ಹವೆ ಕೇಳುತ್ತದೆ!

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ 35 ಡಿಗ್ರಿ ಮುಟ್ಟುವ ದಿನಗಳಿವೆ. ಹಳದಿ ಗೂಡು ಕಟ್ಟುವ ಮಿಶ್ರತಳಿ ಅಷ್ಟೋ ಇಷ್ಟೋ ತಡೆದುಕೊಳ್ಳುತ್ತದೆ. ಅದರ ತಾಯಿಯಾದ ಶುದ್ಧ ಮೈಸೂರು ತಳಿ ಈ ನೆಲದ ಬಿಸಿಲಿಗೆ ಒಗ್ಗಿದ್ದು. ಮಾಗಡಿ, ಕುಣಿಗಲ್ ಕಡೆ ಬಿತ್ತನೆಗಾಗಿ ಬೆಳೆಯುವುದು ಇದನ್ನೇ. ಬಿಳಿ ಗೂಡು ಕಟ್ಟುವ ದ್ವಿತಳಿಯ ಮೂಲ ತಂಪು ನಾಡು. ನೂಲು ಉದ್ದ, ಬೆಲೆ ಹೆಚ್ಚು, ಆದರೆ ಸೆಕೆ ತಡೆಯದು. ಸೆಕೆಯಿಂದ ಬಳಲಿದ ಹುಳುವಿಗೆ ಹಾಲುತೊಂಡೆ, ಸಪ್ಪೆ ರೋಗಗಳು ಬೇಗ ಅಂಟುತ್ತವೆ. ಹಣ್ಣಾಗಲು ಎರಡು ದಿನ ಇರುವಾಗ ತಟ್ಟೆಗಟ್ಟಲೆ ಹುಳು ತಿಪ್ಪೆಗೆ ಹೋದ ಮನೆಯಲ್ಲಿ ಆ ತಿಂಗಳ ಸಂತೆ ಖರ್ಚಿಗೂ ಯೋಚಿಸಬೇಕಾಗುತ್ತದೆ. ಅದನ್ನು ಕಂಡ ಮಕ್ಕಳು ನಿಮ್ಮಲ್ಲೇ ಇದ್ದೀರಿ.

ಈಗ ಗೋಣಿಚೀಲದ ವಿಷಯಕ್ಕೆ ಬರೋಣ. ಸೂಜಿ ಚುಚ್ಚುವ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದೆ ಅಲ್ಲವೇ? ಸ್ಪಿರಿಟ್ ಆವಿಯಾಗಲು ಶಾಖ ಬೇಕು. ಅದನ್ನು ನಿಮ್ಮ ತೋಳಿನಿಂದ ಕಿತ್ತುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಹೀಗೆಯೇ, ಒದ್ದೆ ಗೋಣಿಯ ಮೂಲಕ ಬರುವ ಗಾಳಿ ತಂಪಾಗುವುದೂ ಹೀಗೆಯೇ. ಇದೇನು ಸಣ್ಣ ಶಾಖವಲ್ಲ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಬೇಕು! ನಾನೊಂದು ಲೆಕ್ಕ ಹಾಕಿ ನೋಡಿದೆ. ನೇತುಹಾಕಿದ ಗೋಣಿಗಳಿಂದ ಒಂದು ಗಂಟೆಯಲ್ಲಿ ಐದು ಲೀಟರ್ ನೀರು ಆವಿಯಾದರೆ, ಅದು ಒಂದು ಟನ್ ಏಸಿ ಒಂದು ಗಂಟೆ ಓಡಿದ್ದಕ್ಕೆ ಹೆಚ್ಚುಕಡಿಮೆ ಸಮ. ಕರೆಂಟ್ ಬಿಲ್ ಸೊನ್ನೆ. ಮೇಲಾಗಿ ಗೋಣಿ ಕೋಣೆಗೆ ತೇವವನ್ನೂ ಕೊಡುತ್ತದೆ. ಒಣ ಬೇಸಿಗೆಯಲ್ಲಿ ಚಾಕಿಗೆ ಬೇಕಾದ್ದು ಇವೆರಡೇ ತಾನೇ?

ಹಾಗಾದರೆ ಏಸಿ ಯಾಕೆ? ಗೋಣಿಯ ಉಪಾಯಕ್ಕೆ ಒಂದು ಮಿತಿಯಿದೆ. ಗಾಳಿ ಒಣಗಿದ್ದರೆ ಮಾತ್ರ ನೀರು ಚುರುಕಾಗಿ ಆವಿಯಾಗುತ್ತದೆ. ಮಳೆ ಹಿಡಿದ ದಿನ ಅಂಗಳದಲ್ಲಿ ಹಾಕಿದ ಬಟ್ಟೆ ಸಂಜೆಯಾದರೂ ಒಣಗುವುದಿಲ್ಲ, ಏಕೆಂದರೆ ಗಾಳಿ ಆಗಲೇ ನೀರಿನ ಆವಿಯಿಂದ ತುಂಬಿರುತ್ತದೆ. ಆಗ ಗೋಣಿಗೆ ನೀರು ಹೊಡೆದರೆ ತಂಪಾಗದು, ಬರೀ ಥಂಡಿ ಹೆಚ್ಚುತ್ತದೆ. ದೊಡ್ಡ ಹುಳುವಿನ ಮನೆಯಲ್ಲಿ ಥಂಡಿ ಹೆಚ್ಚಿದರೆ ಸುಣ್ಣಕಟ್ಟು ರೋಗ ತರುವ ಶಿಲೀಂಧ್ರಕ್ಕೆ ಹಬ್ಬ. ಅದಕ್ಕೇ ಮಳೆಗಾಲದಲ್ಲಿ ನಿಮ್ಮ ಮನೆಯವರು ಗೋಣಿ ತೆಗೆದು, ಕಿಟಕಿ ತೆರೆದು, ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸುವುದು. ಸುಣ್ಣ ತೇವವನ್ನು ಹೀರುತ್ತದೆ. ಮಂಗಳೂರಿನಂಥ ಕರಾವಳಿ ಊರಿನಲ್ಲಿ ನೀರು ತುಂಬುವ ಕೂಲರ್ ಅಷ್ಟಾಗಿ ಪ್ರಯೋಜನಕ್ಕೆ ಬಾರದಿರುವುದೂ ಇದೇ ಕಾರಣಕ್ಕೆ.

ಇಲ್ಲೊಂದು ಸ್ವಾರಸ್ಯವಿದೆ. ಏಸಿ ಹುಟ್ಟಿದ್ದು ಮನುಷ್ಯರ ಸೆಕೆ ಕಳೆಯಲು ಅಲ್ಲ. 1902ರಲ್ಲಿ ಅಮೆರಿಕದ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯವಿತ್ತು. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗುವ ಬಣ್ಣಗಳು ಹೊಂದಿಕೊಳ್ಳುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರ್, ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ತೇವವನ್ನು ಹದಕ್ಕೆ ತರುವ ಯಂತ್ರ ರೂಪಿಸಿದ. ಕೋಣೆ ತಂಪಾದದ್ದು ಜೊತೆಗೆ ಸಿಕ್ಕ ಲಾಭ. ಏರ್ ಕಂಡೀಷನಿಂಗ್ ಎಂಬ ಹೆಸರನ್ನು 1906ರಲ್ಲಿ ಇಟ್ಟವನು ಸ್ಟುವರ್ಟ್ ಕ್ರೇಮರ್. ಆತ ಇದ್ದದ್ದು ನೂಲಿನ ಗಿರಣಿಗಳ ಕೆಲಸದಲ್ಲಿ. ಅಲ್ಲಿ ಸಮಸ್ಯೆ ತಿರುಗುಮುರುಗು. ಗಾಳಿ ಒಣಗಿದರೆ ನೂಲು ಕಡಿಯುತ್ತಿತ್ತು, ಗಾಳಿಗೆ ತೇವ ಸೇರಿಸಬೇಕಿತ್ತು. ಕಾಗದಕ್ಕಾಗಿ, ನೂಲಿಗಾಗಿ ಹುಟ್ಟಿದ್ದು ಹುಳುವಿನ ಮನೆಗೆ ಬಂದರೆ ಆಶ್ಚರ್ಯವೇನು?

ಏಸಿ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಈ ಕೂಲಿ ಮಾಡುವುದು ಕೊಳವೆಯೊಳಗೆ ಸುತ್ತುವ ಶೀತಕ ಎಂಬ ವಸ್ತು. ಈಗಿನ ಅನೇಕ ಏಸಿಗಳಲ್ಲಿ ಆರ್-32 ಎಂಬ ಶೀತಕವಿದೆ. ಸಾಮಾನ್ಯ ಒತ್ತಡದಲ್ಲಿ ಅದು ಸೊನ್ನೆಗಿಂತ 52 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ. ಕೋಣೆಯೊಳಗಿನ ಸುರುಳಿ ಕೊಳವೆಯಲ್ಲಿ ಅದು ಕುದಿದು ಆವಿಯಾಗುವಾಗ, ನರ್ಸ್ ಹಚ್ಚಿದ ಸ್ಪಿರಿಟ್ಟಿನಂತೆ, ಕೋಣೆಯ ಗಾಳಿಯಿಂದ ಶಾಖ ಹೀರುತ್ತದೆ. ಆ ಆವಿ ಹೊರಗಿನ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಕಂಪ್ರೆಸರ್ ಅದನ್ನು ಒತ್ತುತ್ತದೆ. ಸೈಕಲ್ ಪಂಪು ಹೊಡೆದ ಕೂಡಲೇ ಅದರ ತುದಿ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಒತ್ತಿದ ಶೀತಕವೂ ಹಾಗೆಯೇ ಹೊರಗಿನ ಗಾಳಿಗಿಂತ ಬಿಸಿಯಾಗಿ, ತನ್ನ ಶಾಖವನ್ನು ಆ ಗಾಳಿಗೆ ಬಿಟ್ಟು, ಮತ್ತೆ ದ್ರವವಾಗುತ್ತದೆ. ಸಣ್ಣ ಕಂಡಿಯ ಮೂಲಕ ಹಾದು ಒತ್ತಡ ಕಳೆದುಕೊಂಡು, ತಣ್ಣಗಾಗಿ ಒಳಗೆ ಬರುತ್ತದೆ. ಹೊರಗಿನ ಪೆಟ್ಟಿಗೆಯ ಫ್ಯಾನಿನ ಮುಂದೆ ಕೈ ಹಿಡಿದರೆ ಬರುವ ಬಿಸಿಗಾಳಿಯಲ್ಲಿ ಕೋಣೆಯಿಂದ ಹೊತ್ತು ತಂದ ಶಾಖವಿದೆ, ಜೊತೆಗೆ ಕಂಪ್ರೆಸರಿನದೂ ಸೇರಿದೆ.

ಅಂದಹಾಗೆ, ಒಂದು ಟನ್ ಏಸಿ ಎಂದರೆ ಅದರ ತೂಕವಲ್ಲ. ಯಂತ್ರಗಳಿಲ್ಲದ ಕಾಲದಲ್ಲಿ ತಂಪಿಗೆ ಮಂಜುಗಡ್ಡೆಯನ್ನೇ ಇಡುತ್ತಿದ್ದರು. ಅಮೆರಿಕದ ಅಳತೆಯ ಒಂದು ಟನ್, ಅಂದರೆ 907 ಕೆ.ಜಿ. ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕುವ ಯಂತ್ರ ಅದು.

ಇನ್ನು ನಾನು ಚಾಕಿ ಸೆಂಟರಿಗೆ ಹೋದ ದಿನದ ಕಥೆ. ಏಸಿ ಕೂರಿಸಿ ಹತ್ತು ದಿನವಾಗಿತ್ತು. ಗೋಡೆಯ ಮೀಟರಿನಲ್ಲಿ 27 ಡಿಗ್ರಿ ಸರಿಯಾಗಿ ತೋರುತ್ತಿತ್ತು. ಆದರೂ ಅಲ್ಲಿನ ಅಮ್ಮನ ಮುಖ ಸಪ್ಪಗಿತ್ತು. ತಟ್ಟೆಯಲ್ಲಿ ಸಣ್ಣಗೆ ಹೆಚ್ಚಿ ಹಾಕಿದ ಎಳೆ ಸೊಪ್ಪು ಎರಡೇ ಗಂಟೆಯಲ್ಲಿ ಬಾಡಿ ಸುರುಟಿಕೊಂಡಿತ್ತು. ಹುಳು ಒಂದು ಸಣ್ಣ, ಒಂದು ದೊಡ್ಡ. ಕೆಲವು ಜ್ವರಕ್ಕೆ ಕೂತಿದ್ದವು, ಕೆಲವು ಇನ್ನೂ ಮೇಯುತ್ತಿದ್ದವು. "ಇಷ್ಟು ದುಡ್ಡು ಸುರಿದು ಹಿಂಗಾಯ್ತಲ್ಲ ಮೇಡಂ" ಎಂದರು.

ಏನಾಗಿತ್ತು? 35 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 40 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 27 ಡಿಗ್ರಿಯಲ್ಲಿ 26 ಗ್ರಾಂ. 10 ಡಿಗ್ರಿಯಲ್ಲಿ ಕೇವಲ 9 ಗ್ರಾಂ. ಏಸಿಯೊಳಗಿನ ಸುರುಳಿ ಹೆಚ್ಚುಕಡಿಮೆ 10 ಡಿಗ್ರಿಯಷ್ಟು ತಣ್ಣಗಿರುತ್ತದೆ. ಕೋಣೆಯ ಗಾಳಿ ಅದನ್ನು ಸವರಿಕೊಂಡು ಹೋದಾಗ, ಹಿಡಿದುಕೊಳ್ಳಲಾಗದ ಆವಿ ನೀರಾಗಿ ಸುರುಳಿಯ ಮೇಲೆ ಕೂರುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದಿಲ್ಲವೇ, ಹಾಗೆ. ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು ಅದೇ. 27 ಡಿಗ್ರಿಯಲ್ಲಿ 85ರ ಆರ್ದ್ರತೆ ಬೇಕಾದರೆ ಪ್ರತಿ ಘನ ಮೀಟರಿನಲ್ಲಿ 22 ಗ್ರಾಂ ನೀರಾವಿ ಇರಬೇಕು. ಏಸಿ ಅದನ್ನು ಗಂಟೆಗಂಟೆಗೂ ಹಿಂಡಿ ಹೊರಗೆ ಸುರಿಯುತ್ತಿತ್ತು. ಉಷ್ಣಾಂಶ ಸರಿಹೋಯಿತು, ತೇವ ಹೋಯಿತು, ಸೊಪ್ಪು ಬಾಡಿತು. ನೀರು ಕುಡಿಯದ ಹುಳುವಿಗೆ ನೀರೂ ತಪ್ಪಿತು. ಕೂರಿಸಿದವರು ಕೋಣೆ ಎಷ್ಟು ಉದ್ದ, ಎಷ್ಟು ಅಗಲ ಎಂದು ಕೇಳಿದ್ದರಂತೆ. ಒಳಗೆ ಯಾರಿರುತ್ತಾರೆ ಎಂದು ಕೇಳಲಿಲ್ಲ.

ಆಮೇಲೆ ಅವರು ಗಾಳಿಗೆ ತುಂತುರು ಬಿಡುವ ಯಂತ್ರವೊಂದನ್ನು ತಂದರು. ತಟ್ಟೆಗೆ ಮೊದಲಿನಂತೆ ಪ್ಯಾರಾಫಿನ್ ಕಾಗದ ಮುಚ್ಚಿ, ಅಂಚಿಗೆ ಒದ್ದೆ ಫೋಮ್ ಪಟ್ಟಿ ಇಟ್ಟರು. ಹುಳು ಜ್ವರಕ್ಕೆ ಕೂತಾಗ ಮಾತ್ರ ಅವನ್ನು ತೆಗೆದು ಹಾಸಿಗೆ ಒಣಗಲು ಬಿಡುತ್ತಾರೆ. ಮುಂದಿನ ತಂಡದ ಚಾಕಿ ಸಮನಾಗಿ ಎದ್ದಿತು.

ದೊಡ್ಡ ಹುಳುವಿನ ಮನೆಗೂ ಏಸಿ ಹಾಕಿಸಬಹುದೇ ಎಂದು ಕೆಲವರು ಕೇಳುತ್ತಾರೆ. ನನಗೇನೋ ಅದು ಸರಿಕಾಣದು. ಗೋಡೆಗೆ ಹಾಕುವ ಸಾಮಾನ್ಯ ಏಸಿ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ, ಬಾಗಿಲು ಕಿಟಕಿ ಮುಚ್ಚಿರಬೇಕು. ದೊಡ್ಡ ಹುಳು ಮೈಯ ಎರಡೂ ಬದಿಯ ಸಣ್ಣ ರಂಧ್ರಗಳಿಂದ ಉಸಿರಾಡುತ್ತದೆ. ಸಾವಿರಾರು ಹುಳುಗಳ ಉಸಿರು, ಹಿಕ್ಕೆಯಿಂದ ಏಳುವ ಅಮೋನಿಯಾ ಸೇರಿ ಮುಚ್ಚಿದ ಕೋಣೆ ಉಸಿರುಗಟ್ಟುತ್ತದೆ. ಚಂದ್ರಿಕೆಯ ಮೇಲೆ ಗೂಡು ಕಟ್ಟುವಾಗಲಂತೂ ಗಾಳಿ ಆಡಲೇಬೇಕು, ಇಲ್ಲವಾದರೆ ಎಳೆಯ ಅಂಟು ಸರಿಯಾಗಿ ಒಣಗದೆ, ಬಿಚ್ಚಣಿಕೆಯಲ್ಲಿ ನೂಲು ಪದೇ ಪದೇ ಕಡಿಯುತ್ತದೆ. ಅಲ್ಲಿಗೆ ಹೆಂಚಿನ ಮಾಡು, ಸುತ್ತ ಜಗಲಿ, ಪಡುವಣ ಬಿಸಿಲಿಗೆ ಅಡ್ಡವಾಗಿ ಹೊಂಗೆ ಮರ, ಇವು ಮೊದಲು.

ನೀವೂ ಅಳೆದು ನೋಡಿ. ಶಾಲೆಯ ವಿಜ್ಞಾನ ಪೆಟ್ಟಿಗೆಯಿಂದ ಎರಡು ಉಷ್ಣತಾಮಾಪಕ ತೆಗೆದುಕೊಳ್ಳಿ. ಜ್ವರ ನೋಡುವುದು ಬೇಡ, ಪ್ರಯೋಗಾಲಯದ್ದು. ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಬಟ್ಟಲಿಗೆ ಇಳಿಬಿಡಿ. ಹತ್ತು ನಿಮಿಷ ಬಿಟ್ಟು ಎರಡನ್ನೂ ಓದಿ. ಒಣದ್ದು 28, ಒದ್ದೆಯದು 26 ತೋರಿಸಿದರೆ ಆರ್ದ್ರತೆ ಸುಮಾರು 85. ಒಣದ್ದು 34, ಒದ್ದೆಯದು 24 ಆದರೆ 40ರ ಆಸುಪಾಸು. ಅಂತರ ಹೆಚ್ಚಿದ್ದ ದಿನ ಗೋಣಿ ಚೆನ್ನಾಗಿ ಕೆಲಸ ಮಾಡುತ್ತದೆ. ಅಂತರ ಒಂದೆರಡು ಡಿಗ್ರಿ ಮಾತ್ರವಿದ್ದರೆ ನೀರು ಚಿಮುಕಿಸಬೇಡಿ ಎಂದು ಮನೆಯಲ್ಲಿ ಹೇಳಿ, ಕಾರಣವನ್ನೂ ಹೇಳಿ.

ಆ ಹುಡುಗಿ ಈಗ ಚಾಕಿ ಸೆಂಟರಿನ ಎರಡು ಮಾಪಕಗಳನ್ನು ದಿನಾ ಸಂಜೆ ಓದಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಹೋದ ಸಲ ಸಿಕ್ಕಾಗ ಇನ್ನೊಂದು ಸುದ್ದಿ ಹೇಳಿದಳು. ಏಸಿಯ ಪೈಪಿನ ಕೆಳಗೆ ಅವಳು ಬಕೆಟ್ ಇಟ್ಟಿದ್ದಾಳೆ. ತುಂಬಿದ ನೀರನ್ನು ಹೊರಗಿನ ಹೊಂಗೆ ಸಸಿಗೆ ಹಾಕುತ್ತಾಳೆ.