ಎದೆಬಡಿತದ ಲೆಕ್ಕ

ಜಗಳೂರಿನ ಬಯಲಿನಲ್ಲೋ ಚನ್ನಗಿರಿಯ ಅಡಿಕೆ ತೋಟದ ಅಂಚಿನಲ್ಲೋ ಒಬ್ಬರಿಗೆ ನಡುರಾತ್ರಿ ಎದೆನೋವು ಕಾಣಿಸಿಕೊಂಡಿತೆನ್ನೋಣ. ಹೃದಯತಜ್ಞರಿರುವುದು ದಾವಣಗೆರೆಯಲ್ಲಿ, ಇಲ್ಲವೆ ಬೆಂಗಳೂರಿನಲ್ಲಿ. ರೋಗಿಗಿಂತ ಮೊದಲು ಅವನ ಎದೆಬಡಿತ ಅಲ್ಲಿಗೆ ತಲುಪಬಲ್ಲುದಾದರೆ? ಇದು ಹೊಸ ಕನಸೇನಲ್ಲ. ಹಾಲೆಂಡಿನ ಐಂಟ್‌ಹೋವನ್ 1905ರಲ್ಲಿಯೇ ಲೈಡನ್ನಿನ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯರೇಖೆಯನ್ನು ಸುಮಾರು ಒಂದೂವರೆ ಕಿಲೋಮೀಟರು ದೂರದ ತನ್ನ ಪ್ರಯೋಗಶಾಲೆಗೆ ದೂರವಾಣಿಯ ತಂತಿಯ ಮೇಲೆ ತರಿಸಿಕೊಂಡಿದ್ದನು. ನಮ್ಮ ರಾಜ್ಯದಲ್ಲಿ 2023ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಹೇಳಿದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಬಹುದು.

ಈಗ ಆಸ್ಪತ್ರೆಯನ್ನೂ ದಾಟಿ ಯಂತ್ರ ಮನೆಗೆ ಬಂದಿದೆ. ಮುಂಗೈಗೆ ಕಟ್ಟಿದ ಪಟ್ಟಿ ನಾಡಿಯನ್ನು ಹಗಲಿರುಳೂ ಎಣಿಸಿ ವೈದ್ಯರಿಗೆ ತಿಳಿಸಬಲ್ಲುದು. ಹಾದಿಯಲ್ಲಿ ಯಾರಾದರೂ ಆ ಅಂಕಿಯನ್ನು ತಿದ್ದಿದರೆ? ಇದು ಬರಿಯ ಶಂಕೆಯಲ್ಲ. ಎದೆಯೊಳಗಿಡುವ ಕೆಲವು ಪೇಸ್‌ಮೇಕರುಗಳಿಗೆ ಹೊರಗಿನವರು ನಿಸ್ತಂತುವಾಗಿ ಕೈಹಾಕಬಹುದೆಂದು ಕಂಡುಬಂದಾಗ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಸುಮಾರು 4,65,000 ಯಂತ್ರಗಳ ತಂತ್ರಾಂಶವನ್ನು ಸರಿಪಡಿಸುವ ಕ್ರಮಕ್ಕೆ ಒಪ್ಪಿಗೆಯಿತ್ತಿತು.

ಹಿಂದಿನ ಶಾನುಭೋಗರ ಕಡತ ನೆನಪಿದೆಯೆ? ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಿತ್ತು. ಅನುಕೂಲವೂ ಅದೇ, ಅಪಾಯವೂ ಅದೇ. ಇದ್ದದ್ದು ಒಂದೇ ಕಡತ, ಅದೂ ಒಬ್ಬರ ಬಗಲಿನಲ್ಲಿ. 2008ರಲ್ಲಿ ಬಿಟ್‌ಕಾಯಿನ್ ನಾಣ್ಯದ ಲೆಕ್ಕಕ್ಕೆಂದು ಮುಂದಿಟ್ಟ ಬ್ಲಾಕ್‌ಚೈನ್ ಎಂಬ ಉಪಾಯ ಇದಕ್ಕೆ ತೀರ ವಿರುದ್ಧವಾದದ್ದು. ಪ್ರತಿಯೊಂದು ಪುಟದ ಬರಹದಿಂದ ಗಣಿಸಿ ತೆಗೆದ ಒಂದು ಮುದ್ರೆಯನ್ನು ಮುಂದಿನ ಪುಟದಲ್ಲಿ ನಮೂದಿಸಲಾಗುತ್ತದೆ. ಹಿಂದೆ ಒಂದು ಚುಕ್ಕೆ ಬದಲಾದರೂ ಮುದ್ರೆ ಬೇರೆಯಾಗಿ, ಮುಂದಿನ ಪುಟಗಳೊಡನೆ ಹೊಂದದೆ ಹೋಗುತ್ತದೆ. ಪುಸ್ತಕದ ಪ್ರತಿಗಳು ತಾಲ್ಲೂಕಿನಲ್ಲಿ, ಜಿಲ್ಲೆಯಲ್ಲಿ, ತಜ್ಞರಲ್ಲಿ ಇರುವಂತೆ ಮಾಡಿದರೆ ಒಬ್ಬರ ಕೈಚಳಕ ಉಳಿದವರಿಗೆ ತಿಳಿದುಬಿಡುತ್ತದೆ.

ಆದರೆ ಈ ಪುಸ್ತಕ ಕಾಯುವುದು ಬರೆದದ್ದನ್ನು; ಬರೆದದ್ದು ನಿಜವೇ ಎಂಬುದು ಅದಕ್ಕೆ ತಿಳಿಯದು. ನ್ಯಾಮತಿಯ ಅಜ್ಜನೊಬ್ಬನ ಪಟ್ಟಿಯನ್ನು ಮೊಮ್ಮಗ ಕಟ್ಟಿಕೊಂಡು ಬೀದಿಯಲ್ಲಿ ಓಡಿದರೆ, ಆ ನಾಡಿಯೂ ಅಜ್ಜನದೇ ಎಂದು ಅಳಿಸಲಾಗದಂತೆ ದಾಖಲಾದೀತು! ಅಳಿಸಲಾಗದ ಈ ಗುಣವೇ ಇನ್ನೊಂದು ತೊಡಕು. ಹೊನ್ನಾಳಿಯಂಥ ಊರಿನಲ್ಲಿ, ಮದುವೆಯ ವಯಸ್ಸಿನ ಹುಡುಗಿಯ ಹೃದಯದಲ್ಲಿ ದೋಷವಿದೆಯೆಂಬ ಮಾತು ಹೊರಬಿದ್ದರೆ ಅದನ್ನು ಯಾವ ಯಂತ್ರ ಹಿಂದಕ್ಕೆ ಕರೆದೀತು? ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು, ತನ್ನ ಮಾಹಿತಿಯನ್ನು ಅಳಿಸಿರೆಂದು ಕೇಳುವ ಹಕ್ಕನ್ನೂ ಹೇಳುತ್ತದೆ. ಆದ್ದರಿಂದ ರೋಗದ ವಿವರ ಆಸ್ಪತ್ರೆಯ ಬೀಗದೊಳಗೇ ಇರಬೇಕು. ಹಲವರ ಪುಸ್ತಕಕ್ಕೆ ಹೋಗಬೇಕಾದದ್ದು ಅದರ ಮುದ್ರೆ, ಮತ್ತು ಯಾರು ಯಾವ ಹೊತ್ತಿನಲ್ಲಿ ಅದನ್ನು ತೆರೆದು ನೋಡಿದರೆಂಬ ಒಂದು ಸಾಲು. ಆ ಸಾಲನ್ನು ಓದುವ ಅಧಿಕಾರ ಆ ಹುಡುಗಿಗೂ ಇರಬೇಕು.