ಪುಸ್ತಕದ ಬದನೆಕಾಯಿ, ಕೈಯೊಳಗಿನ ಎಕ್ಕ

ಮುಳಬಾಗಿಲು ತಾಲ್ಲೂಕಿನ ಆವನಿ ಎಂದೊಡನೆ ನೆನಪಾಗುವುದು ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳು, ಸೀತೆ ಮತ್ತು ಲವಕುಶರ ಕಥೆ ಹೊತ್ತ ಬೆಟ್ಟ, ಶಿವರಾತ್ರಿಯ ಹೊತ್ತಿಗೆ ಸೇರುವ ದನಗಳ ಜಾತ್ರೆ. ಜಾತ್ರೆಗಳನ್ನು ಸುತ್ತಿದವರಿಗೆ ಬೆಂಡು ಬತ್ತಾಸಿನ ಅಂಗಡಿಗಳಷ್ಟೇ ಪರಿಚಿತವಾದ ಇನ್ನೊಂದು ನೋಟವಿದೆ. ಟವೆಲ್ ಹಾಸಿ ಕುಳಿತವನೊಬ್ಬ ಮೂರು ಇಸ್ಪೀಟು ಎಲೆಗಳನ್ನು ತೋರಿಸಿ, ಬೋರಲು ಹಾಕಿ, ‘ರಾಣಿ ಎಲ್ಲಿದ್ದಾಳೆ, ಹೇಳಿ’ ಎನ್ನುತ್ತಾನೆ. ಕಣ್ಣು ನೆಟ್ಟು ನೋಡಿದ್ದರೂ ದುಡ್ಡು ಕಟ್ಟಿದವನು ಸೋಲುತ್ತಾನೆ.

ಗುಟ್ಟು ಬಹಳ ಸಣ್ಣದು. ಆತನ ಒಂದು ಕೈಯಲ್ಲಿ ಎರಡು ಎಲೆಗಳಿರುತ್ತವೆ, ಒಂದರ ಕೆಳಗೆ ಇನ್ನೊಂದು. ಕೆಳಗಿನದು ರಾಣಿ. ಎಸೆಯುವಾಗ ಕೆಳಗಿನ ಎಲೆಯೇ ಮೊದಲು ಬೀಳುತ್ತದೆಂದು ನಮ್ಮ ಕಣ್ಣು ನಂಬುತ್ತದೆ. ಆತ ಜಾರಿಸುವುದು ಮೇಲಿನದನ್ನು. ಪಕ್ಕದಲ್ಲಿ ನಿಂತು ಗೆಲ್ಲುತ್ತಿರುವಂತೆ ಕಾಣುವವರು ಸಾಮಾನ್ಯವಾಗಿ ಅವನ ಕಡೆಯವರೇ.

ಈ ಮೋಸದ ವಿವರಣೆ 1902ರಷ್ಟು ಹಿಂದೆಯೇ ಅಚ್ಚಾಗಿದೆ. ಆ ವರ್ಷ ಅಮೆರಿಕದ ಷಿಕಾಗೋದಲ್ಲಿ ‘ದಿ ಎಕ್ಸ್‌ಪರ್ಟ್ ಅಟ್ ದಿ ಕಾರ್ಡ್ ಟೇಬಲ್’ ಎಂಬ ಪುಸ್ತಕ ಹೊರಬಂತು. ಬರೆದವರ ಹೆಸರು ಎಸ್. ಡಬ್ಲ್ಯು. ಅರ್ಡ್ನೇಸ್ ಎಂದಿದೆ. ಅದು ಗುಪ್ತನಾಮ. ನಿಜವಾದ ಲೇಖಕ ಯಾರೆಂಬ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ. ಮೊದಲ ಭಾಗದಲ್ಲಿ ಜೂಜಿನ ಕಳ್ಳಾಟಗಳು, ಎರಡನೆಯದರಲ್ಲಿ ರಂಜನೆಯ ಜಾದೂ, ಜೊತೆಗೆ ಬೆರಳುಗಳ ಹಿಡಿತ ತೋರಿಸುವ ರೇಖಾಚಿತ್ರಗಳು. ತನಗೆ ಹಣ ಬೇಕಾಗಿರುವುದರಿಂದ ಬರೆದೆ ಎಂದು ಲೇಖಕ ಮುನ್ನುಡಿಯಲ್ಲಿ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ನೂರಿಪ್ಪತ್ತು ವರ್ಷ ಕಳೆದರೂ ಇಸ್ಪೀಟಿನ ಜಾದೂ ಕಲಿಯುವವರಿಗೆ ಇದು ಮೂಲಗ್ರಂಥ.

ನಮ್ಮಲ್ಲಿ ಕೈಚಳಕ ಹೊಸದೇನಲ್ಲ. ವಾತ್ಸ್ಯಾಯನ ಪಟ್ಟಿ ಮಾಡಿದ 64 ಕಲೆಗಳಲ್ಲಿ ‘ಹಸ್ತಲಾಘವ’ವೂ ಇದೆ, ಇಂದ್ರಜಾಲವೂ ಇದೆ. ಬೀದಿಯ ಗಾರುಡಿಗರು ಬಟ್ಟಲು ಮತ್ತು ಗುಂಡುಗಳ ಆಟವನ್ನು ತಲೆಮಾರುಗಳಿಂದ ಆಡಿಸುತ್ತ ಬಂದಿದ್ದಾರೆ. ಆದರೆ ಆ ವಿದ್ಯೆ ತಂದೆಯಿಂದ ಮಗನಿಗೆ ಹೋಗುವಂಥದು, ಪುಸ್ತಕಕ್ಕೆ ಇಳಿಯುವಂಥದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಲ್ಲಿ ಬೆಳೆದ ಗಂಜೀಫಾ ಎಲೆಗಳಿದ್ದುವಾದರೂ ಅವು ಕೈಯಿಂದ ಚಿತ್ರ ಬರೆದ ದುಬಾರಿ ವಸ್ತುಗಳು. ದಶಾವತಾರ ಗಂಜೀಫಾದಲ್ಲಿ 120 ಎಲೆಗಳು! ಅಷ್ಟನ್ನು ಒಂದೇ ಅಂಗೈಯಲ್ಲಿ ಅಡಗಿಸುವವರಾರು? ಎಲೆಯ ಜಾದೂ ಬೆಳೆದದ್ದು 52 ಎಲೆಗಳ ಅಗ್ಗದ ಕಟ್ಟಿನ ಜೊತೆಗೆ.

ಯುರೋಪಿನಲ್ಲಿ ಈ ಗುಟ್ಟುಗಳು ಅಚ್ಚಿಗೆ ಬಂದ ಕಾರಣ ಗಂಭೀರವಾದದ್ದು. 1584ರಲ್ಲಿ ರೆಜಿನಾಲ್ಡ್ ಸ್ಕಾಟ್ ಎಂಬ ಇಂಗ್ಲಿಷ್ ಗೃಹಸ್ಥ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಬರೆದ. ಮಾಟಗಾತಿಯರೆಂದು ಬಡ ಹೆಂಗಸರನ್ನು ಹಿಡಿದು ಗಲ್ಲಿಗೇರಿಸುತ್ತಿದ್ದ ಕಾಲವದು. ನಾಣ್ಯ, ಗುಂಡು, ಇಸ್ಪೀಟು ಎಲೆಗಳ ಚಮತ್ಕಾರಗಳನ್ನು ಬಿಡಿಸಿಟ್ಟು, ಇದರಲ್ಲಿ ಸೈತಾನನ ಕೈವಾಡವಿಲ್ಲ, ಮನುಷ್ಯನ ಕೈಯಷ್ಟೇ ಇದೆ ಎಂದು ಆತ ತೋರಿಸಿದ.

ಗುಟ್ಟೆಲ್ಲ ಪುಸ್ತಕದಲ್ಲಿದ್ದರೆ ಓದಿದವರೆಲ್ಲ ಜಾದೂಗಾರರಾಗಬೇಕಿತ್ತಲ್ಲವೆ? ಇಲ್ಲಿಯೇ ‘ಪುಸ್ತಕದ ಬದನೆಕಾಯಿ’ ಎಂಬ ನಮ್ಮ ಮಾತು ನೆನಪಾಗುತ್ತದೆ. ಎರಡು ಎಲೆಗಳನ್ನು ಒಂದೇ ಎಲೆಯೆಂಬಂತೆ ಎತ್ತಿ ತೋರಿಸುವ ‘ಡಬಲ್ ಲಿಫ್ಟ್’ ಎಂಬ ತಂತ್ರವನ್ನು ನೋಡಿ. ಹೇಳಲು ಒಂದು ವಾಕ್ಯ ಸಾಕು. ಮಾಡುವಾಗ ಎರಡು ಎಲೆಗಳ ಅಂಚು ಕೂದಲೆಳೆಯಷ್ಟೂ ಬೇರೆಯಾಗಬಾರದು. ಒಂದೇ ಎಲೆ ಎತ್ತುವಾಗ ಬೆರಳುಗಳು ಎಷ್ಟು ಸಡಿಲವಾಗಿರುತ್ತವೆಯೋ ಆಗಲೂ ಅಷ್ಟೇ ಸಡಿಲವಾಗಿರಬೇಕು. ಇದು ತಿಂಗಳುಗಳ ಕೆಲಸ.

ಹೀಗಾಗಿ ಒಳ್ಳೆಯ ಪುಸ್ತಕಗಳು ಗುಟ್ಟಿಗಿಂತ ಕ್ರಮಕ್ಕೆ ಹೆಚ್ಚು ಬೆಲೆ ಕೊಡುತ್ತವೆ. ಜೀನ್ ಹ್ಯೂಗಾರ್ಡ್ ಮತ್ತು ಫ್ರೆಡರಿಕ್ ಬ್ರೌ 1948ರಲ್ಲಿ ಹೊರತಂದ ‘ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್’ ಎಲೆ ಕಲಸುವುದರಿಂದಲೇ ಪಾಠ ಆರಂಭಿಸುತ್ತದೆ. ಒಂದೊಂದು ತಂತ್ರ ಕಲಿಸಿದ ಮೇಲೂ ಅದರಿಂದ ಮಾಡಬಹುದಾದ ಆಟಗಳನ್ನು ಕೊಡುತ್ತದೆ. ಮಗ್ಗಿ ಕಲಿತ ಮೇಲೆ ಲೆಕ್ಕ ಎಂಬಂತೆ.

ಅದರಲ್ಲಿ ‘ಹಿಂದೂ ಷಫಲ್’ ಎಂಬ ಅಧ್ಯಾಯವೂ ಇದೆ! ಬಲಗೈಯಲ್ಲಿ ಕಟ್ಟು ಹಿಡಿದು, ಎಡಗೈಯಿಂದ ಮೇಲಿನ ಎಲೆಗಳನ್ನು ಸ್ವಲ್ಪ ಸ್ವಲ್ಪವೇ ಎಳೆದು ಅಂಗೈಗೆ ಬೀಳಿಸಿಕೊಳ್ಳುವ ಬಗೆ ಇದು. ನಮ್ಮ ಊರುಗಳ ಜಗುಲಿಯಲ್ಲಿ ರಮ್ಮಿ ಆಡುವವರು ಕಲಸುವುದು ಹೀಗೆಯೇ. ಪಾಶ್ಚಾತ್ಯರು ಪುಸ್ತಕ ನೋಡಿ ಕಲಿಯುವುದು ಆವನಿಯ ಹುಡುಗನಿಗೆ ನೋಡಿಯೇ ಬಂದಿರುತ್ತದೆ. ಅದರೊಳಗಿನ ಚಮತ್ಕಾರವನ್ನು ಮಾತ್ರ ಪುಸ್ತಕ ಹೇಳಬೇಕು. ಎಲೆಗಳು ಹೋಗುತ್ತಿರುವುದು ಮೇಲಿನಿಂದ. ಆದ್ದರಿಂದ ಬಲಗೈ ಕಟ್ಟಿನ ಅಡಿಯ ಎಲೆ ಕೊನೆಯವರೆಗೂ ಬದಲಾಗುವುದೇ ಇಲ್ಲ. ‘ಬೇಕಾದಾಗ ನಿಲ್ಲಿಸು ಎನ್ನಿ’ ಎಂದು ಪ್ರೇಕ್ಷಕನಿಗೆ ಹೇಳಿ, ಆತ ಎಲ್ಲಿ ನಿಲ್ಲಿಸಿದರೂ ಆ ಎಲೆಯನ್ನೇ ತೋರಿಸಬಹುದು. ಆರಿಸಿದವನು ತಾನೇ ಎಂದು ಆತ ನಂಬಿರುತ್ತಾನೆ.

ಪುಸ್ತಕವೇ ಗುರುವಾದ ದೊಡ್ಡ ಉದಾಹರಣೆ ಡೈ ವರ್ನನ್. 1894ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹುಟ್ಟಿದ ಆತ ಹುಡುಗನಾಗಿದ್ದಾಗಲೇ ಅರ್ಡ್ನೇಸನ ಪುಸ್ತಕವನ್ನು ಅರೆದು ಕುಡಿದಿದ್ದ. 1992ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹಲವು ತಲೆಮಾರುಗಳ ಜಾದೂಗಾರರಿಗೆ ಗುರುವಾಗಿದ್ದ. ಆದರೆ ವರ್ನನ್ ಪುಸ್ತಕಕ್ಕೇ ಅಂಟಿಕೊಂಡು ಕೂರಲಿಲ್ಲ. ಜೂಜುಕೋರರನ್ನು ಹುಡುಕಿಕೊಂಡು ಹೋಗಿ ಅವರ ಕೈ ನೋಡಿ ಕಲಿತ. ದೇಶ ಸುತ್ತು, ಕೋಶ ಓದು ಎಂಬ ಮಾತಿನ ಎರಡು ಪಾದಗಳೂ ಈ ವಿದ್ಯೆಗೆ ಬೇಕು.

ಒಬ್ಬರೇ ಕಲಿಯುವವರಿಗೆ ಕನ್ನಡಿಯೇ ಗುರು. ಆದರೂ ಅದನ್ನು ಪೂರ್ತಿ ನಂಬುವಂತಿಲ್ಲ. ಎಲೆ ಅಡಗಿಸುವ ಗಳಿಗೆಯಲ್ಲಿ ತನಗರಿವಿಲ್ಲದೆ ಕಣ್ಣು ಮಿಟುಕಿಸಿ, ತಪ್ಪೇ ಕಾಣಲಿಲ್ಲವೆಂದು ಸಮಾಧಾನಪಡುವವರಿದ್ದಾರೆ. ಪ್ರೇಕ್ಷಕರ ನೋಟ ಎಲ್ಲಿರುತ್ತದೆಂಬುದನ್ನು ಕನ್ನಡಿ ಹೇಳಲಾರದು. ಜಾದೂಗಾರ ತನ್ನ ಕೈಯನ್ನೇ ನೋಡಿಕೊಂಡರೆ ಎಲ್ಲರೂ ಅದನ್ನೇ ನೋಡುತ್ತಾರೆ. ಅವನು ಎದುರಿನವರ ಮುಖ ನೋಡಿ ಪ್ರಶ್ನೆ ಕೇಳಿದರೆ ಅವರೂ ತಲೆಯೆತ್ತುತ್ತಾರೆ. ಇದು ನಾಲ್ಕು ಜನರ ಮುಂದೆ ಮಾಡಿಯೇ ತಿಳಿಯಬೇಕಾದ ಸಂಗತಿ.

ಇಷ್ಟೆಲ್ಲ ಕಷ್ಟಪಟ್ಟು ಕಲಿಯುವುದರಿಂದ ಏನು ಲಾಭ? ಅವಿಭಜಿತ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬುದು ಅವರ ನಿಲುವು. ಸ್ಕಾಟ್ ನಾಲ್ಕು ಶತಮಾನ ಹಿಂದೆ ಹಿಡಿದದ್ದೂ ಅದೇ ದಾರಿ.

ಎಲೆಯನ್ನು ಅಂಗೈಯಲ್ಲಿ ಅಡಗಿಸುವ ಬೆರಳಿಗೆ ತಾನು ಜೂಜುಕೋರನದೋ ಜಾದೂಗಾರನದೋ ಗೊತ್ತಿರುವುದಿಲ್ಲ. ಮೋಸ ಮಾಡುತ್ತೇನೆಂದು ಮೊದಲೇ ಹೇಳಿ ಮೋಸ ಮಾಡುವವನು ಜಾದೂಗಾರ. ಹೇಳದೆ ಮಾಡುವವನು ಜೇಬಿಗೆ ಕೈ ಹಾಕುತ್ತಾನೆ, ಕೆಲವೊಮ್ಮೆ ನಂಬಿಕೆಗೂ. ಆರು ತಿಂಗಳು ಪುಸ್ತಕ ಹಿಡಿದು ಕಲಿತ ಹುಡುಗ ದೊಡ್ಡ ಜಾದೂಗಾರನಾಗದೆ ಇರಬಹುದು. ಆದರೆ ತನ್ನ ಕಣ್ಣು ಎಷ್ಟು ಸುಲಭವಾಗಿ ಮೋಸಹೋಗುತ್ತದೆಂಬುದು ಅವನಿಗೆ ಮನವರಿಕೆಯಾಗಿರುತ್ತದೆ. ಒಂದು ಕಟ್ಟು ಎಲೆಯ ಬೆಲೆಗೆ ಅದು ಕಡಿಮೆ ಲಾಭವೇನಲ್ಲ.