ಜಿಪುಣ ಗಿಡದ ಲೆಕ್ಕಾಚಾರ

ಟೊಮ್ಯಾಟೊ ಬೆಳೆದವರಿಗೆ ಬೇರುಗಂಟು ರೋಗ ಗೊತ್ತು. ಕಣ್ಣಿಗೆ ಕಾಣದ ಜಂತುಹುಳು ಬೇರಿಗೆ ಹೊಕ್ಕರೆ ಬೇರೆಲ್ಲ ಗಂಟುಗಂಟಾಗಿ ಗಿಡ ಸೊರಗುತ್ತದೆ. ಅದನ್ನು ತಡೆಯುವ ‘ಎಂಐ’ ವಂಶವಾಹಿ ಇದ್ದದ್ದು ಕಾಡು ಟೊಮ್ಯಾಟೊದಲ್ಲಿ. 1940ರ ದಶಕದಲ್ಲಿ ತಳಿತಜ್ಞರು ಅದನ್ನು ತೋಟದ ಟೊಮ್ಯಾಟೊಗೆ ತಂದರು. ಆದರೆ ಅದೊಂದೇ ಬರಲಿಲ್ಲ. ಕಾಡು ವರ್ಣತಂತುವಿನ ಉದ್ದನೆಯ ತುಂಡು ದಿಬ್ಬಣದ ಹಾಗೆ ಹಿಂದೆಯೇ ಬಂತು, ಅದನ್ನು ಕಳಚುವುದು ಸುಲಭವಾಗಲಿಲ್ಲ.

ಪರಾಗ, ಅಂಡ ಹುಟ್ಟುವಾಗ ನಡೆಯುವ ಮಿಯಾಸಿಸ್ ಎಂಬ ಕೋಶವಿಭಜನೆಯಲ್ಲಿ ಅಪ್ಪ ಅಮ್ಮನಿಂದ ಬಂದ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಂಡರೆ ಮಾತ್ರ ಅಂಥ ದಿಬ್ಬಣ ಚದುರುತ್ತದೆ. ಈ ಅದಲುಬದಲಿಗೆ ಕ್ರಾಸ್‌ಓವರ್ ಎಂದು ಹೆಸರು. ಗಿಡ ಇದರಲ್ಲಿ ಮಹಾ ಜಿಪುಣ.

ಸಾಸಿವೆ ಕುಲದ ಪುಟ್ಟ ಕಳೆಗಿಡ ಅರಾಬಿಡಾಪ್ಸಿಸ್ಸನ್ನೇ ನೋಡಿ. ವರ್ಣತಂತು ಐದೇ ಜೋಡಿ. ಸ್ಪೋ11 ಪ್ರೋಟೀನು ಮತ್ತದರ ಜೊತೆಗಾರರು ಒಂದು ಕೋಶದಲ್ಲಿ ಸುಮಾರು 200 ಕಡೆ ಡಿಎನ್‌ಎಯನ್ನು ಕತ್ತರಿಸಿ ಹಾಕುತ್ತವೆ. ಕ್ರಾಸ್‌ಓವರ್ ಆಗುವುದು ಹತ್ತರ ಆಸುಪಾಸು. ಉಳಿದ ಗಾಯಗಳು ಅದಲುಬದಲಿಲ್ಲದೆ ಮಾಯುತ್ತವೆ. ಆದರೂ ಪ್ರತಿ ಜೋಡಿಗೆ ಒಂದಾದರೂ ಸಿಕ್ಕೇ ಸಿಗುತ್ತದೆ, ಮತ್ತು ಒಂದರ ಮಗ್ಗುಲಲ್ಲೇ ಇನ್ನೊಂದು ಬೀಳುವುದು ಅಪರೂಪ. ಅಳತೆಕೋಲು ಹಿಡಿದವರು ಯಾರು?

2021ರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದವರು ಎಚ್‌ಇಐ10 ಪ್ರೋಟೀನಿನತ್ತ ಬೆರಳು ತೋರಿಸಿದರು. ಮೊದಲು ಅದು ವರ್ಣತಂತುವಿನುದ್ದಕ್ಕೂ ಸಣ್ಣ ಚುಕ್ಕೆಗಳಾಗಿ ಕೂರುತ್ತದೆ. ಬರಬರುತ್ತ ಚುಕ್ಕೆಗಳು ಕಡಿಮೆಯಾಗಿ, ಉಳಿದವು ದಪ್ಪಗಾಗುತ್ತವೆ. ಸಾರಿನ ಮೇಲಿನ ತುಪ್ಪದ ಹನಿಗಳು ಕೂಡಿಕೊಂಡಂತೆ ಎನ್ನಬಹುದಿತ್ತು, ಆದರೆ ಇಲ್ಲಿ ಹನಿಗಳು ಜಾಗ ಬಿಟ್ಟು ಕದಲುವುದಿಲ್ಲ. ಚಿಕ್ಕದರ ಸರಕು ಸೋರಿ ದೊಡ್ಡದಕ್ಕೆ ಸೇರುತ್ತದೆ. ಉಳ್ಳವನ ಮನೆಗೇ ದುಡ್ಡು ಹೋಗುವ ಹಾಗೆ! ಕೊನೆಗೆ ಕೊಬ್ಬಿದ ಚುಕ್ಕೆ ಕೂತಲ್ಲಿ ಕ್ರಾಸ್‌ಓವರ್, ಅಕ್ಕಪಕ್ಕದವು ಬರಿದಾಗಿರುತ್ತವೆ. ಸರಕು ಹರಿಯುವುದು ಎರಡು ವರ್ಣತಂತುಗಳನ್ನು ಜಿಪ್ಪಿನಂತೆ ಹೊಂದಿಸುವ ಜಿಪ್1 ಪ್ರೋಟೀನಿನ ದಾರಿಯಲ್ಲಿ. ಅದನ್ನು ತೆಗೆದುಹಾಕಿದ ಗಿಡಗಳಲ್ಲಿ ಅಂತರದ ಶಿಸ್ತೇ ಮಾಯ.

ಬ್ರೇಕು ಹಾಕುವವೂ ಇವೆ. ಫ್ಯಾಂಕ್‌ಎಂ ಅಂಥದ್ದೊಂದು. ಅದಿಲ್ಲದ ಅರಾಬಿಡಾಪ್ಸಿಸ್‌ನಲ್ಲಿ ಕ್ರಾಸ್‌ಓವರ್ ಮೂರು ಪಟ್ಟಾಗುತ್ತದೆಂದು 2012ರಲ್ಲಿ ಫ್ರಾನ್ಸಿನ ವರ್ಸೈ ಸಂಶೋಧಕರು ಕಂಡರು. ರೆಕ್‌ಕ್ಯೂ4 ಇನ್ನೊಂದು, 2018ರಲ್ಲಿ ಭತ್ತ, ಬಟಾಣಿ, ಟೊಮ್ಯಾಟೊಗಳಲ್ಲಿ ಅದನ್ನು ಕೆಡಿಸಿದಾಗ ಹೆಚ್ಚುಕಡಿಮೆ ಅಷ್ಟೇ ಏರಿಕೆ ಕಂಡಿತು.

ತಳಿ ಕಟ್ಟುವವರು ಹಿಗ್ಗಿದ್ದು ಸಹಜ. ಆದರೆ ಅರಾಬಿಡಾಪ್ಸಿಸ್‌ನಲ್ಲಿ ಹೆಚ್ಚಿದ ಕ್ರಾಸ್‌ಓವರ್‌ಗಳು ಬಿದ್ದದ್ದು ವರ್ಣತಂತುವಿನ ತೋಳುಗಳಲ್ಲಿ, ತುದಿಯ ಕಡೆಗೆ. ಅದರ ಸೊಂಟದ ಸುತ್ತಣ ಭಾಗ ಮೊದಲಿನಂತೆಯೇ ಬಿಗಿಯಾಗಿತ್ತು. ಟೊಮ್ಯಾಟೊದ ‘ಎಂಐ’ ಇರುವುದು ಆರನೆಯ ವರ್ಣತಂತುವಿನ ಸೊಂಟದ ಹತ್ತಿರವೇ.